ಎದೆನೋವು ಬಂದಾಗ ಜೋರಾಗಿ ಕೆಮ್ಮಿದರೆ ಹೃದಯಾಘಾತ ತಪ್ಪುತ್ತದೆಯೇ? ನಿಜವಾಗಿ ಮಾಡಬೇಕಾದದ್ದೇನು?

ಈ ಸಂದೇಶ ನಿಮ್ಮ ಮೊಬೈಲಿಗೂ ಒಮ್ಮೆಯಾದರೂ ಬಂದಿರುತ್ತದೆ. ಸಂಜೆ ಕೆಲಸ ಮುಗಿಸಿ ಒಬ್ಬರೇ ಮನೆಗೆ ಹೊರಟಿದ್ದೀರಿ, ದಾರಿಯಲ್ಲಿ ಎದೆ ಹಿಂಡಿದಂತಾಗುತ್ತದೆ, ನೋವು ತೋಳಿಗೆ ಇಳಿಯುತ್ತದೆ. ಆಸ್ಪತ್ರೆ ದೂರ, ಜೊತೆಗೆ ಯಾರೂ ಇಲ್ಲ. ಆಗ ದೀರ್ಘವಾಗಿ ಉಸಿರೆಳೆದುಕೊಂಡು ಮತ್ತೆ ಮತ್ತೆ ಜೋರಾಗಿ ಕೆಮ್ಮುತ್ತಿದ್ದರೆ ಹೃದಯ ಸರಿಹೋಗುತ್ತದೆ ಎನ್ನುವುದು ಸಂದೇಶದ ತಿರುಳು. ಕೊನೆಯಲ್ಲಿ "ಹತ್ತು ಜನರಿಗೆ ಕಳುಹಿಸಿ, ಒಂದು ಜೀವವಾದರೂ ಉಳಿಯುತ್ತದೆ" ಎಂಬ ಮಾತು ಇದ್ದೇ ಇರುತ್ತದೆ.

ಕಳುಹಿಸಿದವರ ಉದ್ದೇಶ ಒಳ್ಳೆಯದೇ. ಆದರೆ ಹೃದಯಾಘಾತದ ವಿಷಯದಲ್ಲಿ ತಪ್ಪು ಸಲಹೆ ವೇಳೆಯನ್ನು ತಿನ್ನುತ್ತದೆ, ಉಳಿಸಬೇಕಾದದ್ದೂ ಆ ವೇಳೆಯನ್ನೇ. ಹಾಗಾಗಿ ಈ ಸಂದೇಶದಲ್ಲಿ ನಿಜವೆಷ್ಟು, ಹೃದಯ ತೊಂದರೆಯ ಲಕ್ಷಣಗಳನ್ನು ಗುರುತಿಸುವುದು ಹೇಗೆ, ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ

ಮಾತಿನಲ್ಲಿ ಎರಡನ್ನೂ "ಹಾರ್ಟ್ ಅಟ್ಯಾಕ್" ಎಂದೇ ಹೇಳುತ್ತೇವೆ. ಆದರೆ ಇವು ಎರಡು ಬೇರೆ ಬೇರೆ ಸ್ಥಿತಿಗಳು.

ದೇಹಕ್ಕೆಲ್ಲ ರಕ್ತ ಕಳುಹಿಸುವ ಹೃದಯಕ್ಕೂ ರಕ್ತ ಬೇಕು. ಅದನ್ನು ಪೂರೈಸುವುದು ಹೃದಯದ ಮೇಲೆಯೇ ಹರಡಿಕೊಂಡಿರುವ ಕರೋನರಿ ರಕ್ತನಾಳಗಳು. ಈ ನಾಳಗಳ ಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿಕೊಳ್ಳುತ್ತಾ ಹೋಗುತ್ತದೆ. ಒಂದು ದಿನ ಆ ಕೊಬ್ಬಿನ ಪದರ ಬಿರುಕು ಬಿಡುತ್ತದೆ. ದೇಹ ಅದನ್ನು ಗಾಯವೆಂದು ತಿಳಿದು ಅಲ್ಲಿ ರಕ್ತ ಹೆಪ್ಪುಗಟ್ಟಿಸುತ್ತದೆ. ಆ ಹೆಪ್ಪು ನಾಳವನ್ನು ಮುಚ್ಚಿದಾಗ ಅದರ ಮುಂದಿನ ಹೃದಯದ ಸ್ನಾಯುವಿಗೆ ರಕ್ತ ಸಿಗುವುದಿಲ್ಲ, ಆ ಭಾಗ ಸಾಯತೊಡಗುತ್ತದೆ. ಇದು ಹೃದಯಾಘಾತ. ಈ ಹೊತ್ತಿನಲ್ಲಿ ಹೃದಯ ಬಡಿಯುತ್ತಲೇ ಇರುತ್ತದೆ, ವ್ಯಕ್ತಿಗೆ ಸಾಮಾನ್ಯವಾಗಿ ಎಚ್ಚರವೂ ಇರುತ್ತದೆ.

ಹೃದಯದ ಬಡಿತವೇ ನಿಂತುಹೋಗುವುದು ಹೃದಯ ಸ್ತಂಭನ, ಅಂದರೆ ಕಾರ್ಡಿಯಾಕ್ ಅರೆಸ್ಟ್. ಹೃದಯದ ವಿದ್ಯುತ್ ವ್ಯವಸ್ಥೆ ಹದ ತಪ್ಪಿ, ಹೃದಯ ಸುಮ್ಮನೆ ನಡುಗುತ್ತದೆಯೇ ಹೊರತು ರಕ್ತವನ್ನು ತಳ್ಳುವುದಿಲ್ಲ. ವ್ಯಕ್ತಿ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಹೃದಯಾಘಾತವಾದವರಲ್ಲಿ ಕೆಲವರಿಗೆ ಇದೂ ಆಗುತ್ತದೆ. ಅದು ಯಾವ ಗಳಿಗೆಯಲ್ಲಾದರೂ ಆಗಬಹುದು ಎಂಬುದೇ ಆಸ್ಪತ್ರೆಗೆ ಬೇಗ ಹೋಗಬೇಕು ಎನ್ನುವುದಕ್ಕೆ ದೊಡ್ಡ ಕಾರಣ.

ಕೆಮ್ಮಿನ ಸಲಹೆ ಎಲ್ಲಿಂದ ಬಂತು?

ಇದಕ್ಕೆ ಒಂದು ಎಳೆ ನಿಜವಿದೆ. ಆಸ್ಪತ್ರೆಯಲ್ಲಿ ಆಂಜಿಯೋಗ್ರಾಮ್ ಮಾಡುತ್ತಿರುವಾಗ ಕೆಲವೊಮ್ಮೆ ರೋಗಿಯ ಹೃದಯ ಬಡಿತ ಇದ್ದಕ್ಕಿದ್ದಂತೆ ಏರುಪೇರಾಗುತ್ತದೆ. ಪ್ರಜ್ಞೆ ತಪ್ಪುವ ಮುನ್ನ ಜೋರಾಗಿ ಕೆಮ್ಮಲು ಹೇಳಿದರೆ ಎದೆಯೊಳಗಿನ ಒತ್ತಡ ಬದಲಾಗಿ, ಕೆಲವು ಕ್ಷಣ ಮೆದುಳಿಗೆ ರಕ್ತ ಹರಿಯುತ್ತದೆ. 1976ರಲ್ಲಿ ಅಮೆರಿಕದ ವೈದ್ಯರು ಇದನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿವರಿಸಿದ್ದರು. ಆದರೆ ಅಲ್ಲಿ ರೋಗಿ ಮಲಗಿರುವುದು ಆಸ್ಪತ್ರೆಯ ಮೇಜಿನ ಮೇಲೆ. ಎದುರಿಗೆ ಇಸಿಜಿ ಪರದೆ, ಪಕ್ಕದಲ್ಲಿ ವೈದ್ಯರು, ಕೈಗೆಟಕುವಲ್ಲಿ ಶಾಕ್ ಕೊಡುವ ಯಂತ್ರ ಇರುತ್ತವೆ. ಕೆಮ್ಮು ಅಲ್ಲಿ ಕೆಲವು ಸೆಕೆಂಡುಗಳನ್ನು ಗಿಟ್ಟಿಸಿಕೊಡುವ ಉಪಾಯವಷ್ಟೇ.

1999ರ ಸುಮಾರಿಗೆ ಈ ವಿಷಯ ಇಮೇಲ್ ಮೂಲಕ ಹರಿದಾಡತೊಡಗಿತು. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಜನರಲ್ ಆಸ್ಪತ್ರೆಯ ಹೆಸರನ್ನು ಅದಕ್ಕೆ ಅಂಟಿಸಲಾಗಿತ್ತು. ಸಂದೇಶ ತನ್ನದಲ್ಲ ಎಂದು ಆಸ್ಪತ್ರೆ ಸ್ಪಷ್ಟಪಡಿಸಿತು. ಆದರೂ ಸಂದೇಶ ನಿಲ್ಲದೆ ವಾಟ್ಸ್‌ಆ್ಯಪ್‌ಗೂ ಬಂತು, ಕನ್ನಡಕ್ಕೂ ಬಂತು. ಸಾರ್ವಜನಿಕರು ಹೀಗೆ ಮಾಡುವುದನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಶಿಫಾರಸು ಮಾಡುವುದಿಲ್ಲ.

ಕಾರಣ ಸರಳ. ಹೃದಯಾಘಾತದಲ್ಲಿ ಆಗಿರುವುದು ರಕ್ತನಾಳದ ಅಡಚಣೆ. ಕೆಮ್ಮಿದರೆ ಹೆಪ್ಪು ಕರಗುವುದಿಲ್ಲ, ಕದಲುವುದೂ ಇಲ್ಲ. ಇನ್ನು ಹೃದಯವೇ ನಿಂತಿದ್ದರೆ ಕೆಮ್ಮಲು ಎಚ್ಚರವೇ ಇರುವುದಿಲ್ಲ. ಅಂದರೆ ಮನೆಯಲ್ಲಾಗಲಿ, ರಸ್ತೆಯಲ್ಲಾಗಲಿ ಈ ಸಲಹೆ ಕೆಲಸಕ್ಕೆ ಬರುವ ಸಂದರ್ಭವೇ ಇಲ್ಲ. ಕೆಮ್ಮುತ್ತಾ ಕೂತ ಹತ್ತು ನಿಮಿಷವನ್ನು ಫೋನ್ ಮಾಡಲು ಬಳಸಬಹುದಿತ್ತು.

"ಗ್ಯಾಸ್ ಇರಬೇಕು" ಎಂಬ ಮಾತು

ಫಾರ್ವರ್ಡ್‌ಗಿಂತ ಹೆಚ್ಚು ಹಾನಿ ಮಾಡುವುದು ನಮ್ಮ ಮನೆಗಳಲ್ಲೇ ಹುಟ್ಟುವ ಈ ಮಾತು. ರಾತ್ರಿ ಊಟವಾದ ಮೇಲೆ ಎದೆ ಭಾರ ಎಂದರೆ ಮೊದಲು ಬರುವುದು ಜೀರಿಗೆ ಕಷಾಯ, ಆಮೇಲೆ ಸೋಡಾ, ಆಮೇಲೆ ಗ್ಯಾಸ್ ಮಾತ್ರೆ, ಕೊನೆಗೆ "ಬೆಳಿಗ್ಗೆ ನೋಡೋಣ". ತೇಗು ಬಂದು ಸ್ವಲ್ಪ ಹಗುರವೆನಿಸಿದರಂತೂ ಗ್ಯಾಸೇ ಎಂದು ಎಲ್ಲರೂ ತೀರ್ಮಾನಿಸುತ್ತಾರೆ.

ತೊಂದರೆ ಎಂದರೆ ಇವೆರಡನ್ನೂ ಮನೆಯಲ್ಲಿ ಕೂತು ಖಚಿತವಾಗಿ ಬೇರ್ಪಡಿಸಲು ಆಗುವುದಿಲ್ಲ. ಹೃದಯದ ಕೆಳಭಾಗಕ್ಕೆ ರಕ್ತ ನಿಂತಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಿಕೊಳ್ಳಬಹುದು, ವಾಕರಿಕೆ ಮತ್ತು ವಾಂತಿಯೂ ಆಗಬಹುದು. ಎಷ್ಟೋ ಬಾರಿ ವೈದ್ಯರಿಗೇ ಇಸಿಜಿ ಇಲ್ಲದೆ ಹೇಳಲು ಬರುವುದಿಲ್ಲ. ಆಸ್ಪತ್ರೆಗೆ ಹೋಗಿ "ಗ್ಯಾಸ್ ಅಷ್ಟೇ" ಎಂದು ಹೇಳಿಸಿಕೊಂಡು ಬಂದರೆ ಕಳೆದುಕೊಳ್ಳುವುದು ಒಂದು ರಾತ್ರಿಯ ನಿದ್ದೆ. ಗ್ಯಾಸ್ ಎಂದು ಮನೆಯಲ್ಲೇ ಉಳಿದು ಅದು ಹೃದಯಾಘಾತವಾಗಿದ್ದರೆ ಆ ನಷ್ಟವನ್ನು ತುಂಬಲಾಗದು.

ಯಾವ ಲಕ್ಷಣ ಕಂಡರೆ ಎಚ್ಚರವಾಗಬೇಕು?

• ಎದೆಯ ನಡುವೆ ಭಾರ, ಬಿಗಿತ, ಹಿಂಡಿದಂತೆ ಅಥವಾ ಉರಿದಂತೆ ಆಗುವುದು. ಇದು ಕೆಲವು ನಿಮಿಷಗಳಿಗಿಂತ ಹೆಚ್ಚು ಇದ್ದರೆ, ಅಥವಾ ಹೋಗಿ ಮತ್ತೆ ಬಂದರೆ.
• ನೋವು ಎಡತೋಳು, ಎರಡೂ ತೋಳು, ಭುಜ, ಕುತ್ತಿಗೆ, ದವಡೆ, ಬೆನ್ನು ಅಥವಾ ಹೊಟ್ಟೆಯ ಮೇಲ್ಭಾಗಕ್ಕೆ ಹರಡುವುದು.
• ಕಾರಣವಿಲ್ಲದೆ ತಣ್ಣನೆಯ ಬೆವರು.
• ಉಸಿರಾಡಲು ಕಷ್ಟ.
• ವಾಕರಿಕೆ, ತಲೆಸುತ್ತು, ವಿಪರೀತ ಸುಸ್ತು.

ಇವೆಲ್ಲ ಒಟ್ಟಿಗೆ ಬರಬೇಕೆಂದೇನೂ ಇಲ್ಲ. ಸಿನಿಮಾದಲ್ಲಿ ತೋರಿಸುವಂತೆ ಎದೆ ಹಿಡಿದು ಕುಸಿಯಬೇಕೆಂದೂ ಇಲ್ಲ. ಮಹಿಳೆಯರಲ್ಲೂ ಎದೆನೋವೇ ಸಾಮಾನ್ಯ ಲಕ್ಷಣ. ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದರ ಬದಲಿಗೆ, ಉಸಿರುಗಟ್ಟುವುದು, ಬೆನ್ನು ಅಥವಾ ದವಡೆ ನೋವು, ವಾಕರಿಕೆ, ಎಂದಿನದಲ್ಲದ ಆಯಾಸ ಅವರಲ್ಲಿ ಹೆಚ್ಚಾಗಿ ಕಾಣಿಸುತ್ತವೆ. "ಮನೆಕೆಲಸ ಜಾಸ್ತಿ ಆಯ್ತು, ಅದಕ್ಕೇ ಸುಸ್ತು" ಎಂದು ಅವರೂ ಸುಮ್ಮನಾಗುತ್ತಾರೆ, ಮನೆಯವರೂ ಸುಮ್ಮನಾಗುತ್ತಾರೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ನರಗಳು ದುರ್ಬಲವಾಗಿರುವುದರಿಂದ ನೋವೇ ಗೊತ್ತಾಗದೆ ಹೃದಯಾಘಾತವಾಗಬಹುದು. ವಯಸ್ಸಾದವರಲ್ಲೂ ಬರೀ ಸುಸ್ತು, ಉಬ್ಬಸ ಅಥವಾ ಗೊಂದಲವಷ್ಟೇ ಕಾಣಬಹುದು.

ಇನ್ನೊಂದು ಲಕ್ಷಣವನ್ನು ಮರೆಯಬೇಡಿ. ಮೆಟ್ಟಿಲು ಹತ್ತುವಾಗ, ದಿಬ್ಬ ಏರುವಾಗ, ನೀರಿನ ಕೊಡ ಹೊತ್ತಾಗ ಎದೆ ಬಿಗಿದಂತಾಗಿ, ನಿಂತರೆ ಸರಿಹೋಗುತ್ತಿದ್ದರೆ ಅದು ಆಂಜೈನಾ ಇರಬಹುದು. ನಾಳ ಕಿರಿದಾಗಿದೆ ಎಂದು ಹೃದಯ ಮುಂಚಿತವಾಗಿ ಕೊಡುವ ಸೂಚನೆ ಅದು. ವಿಶ್ರಾಂತಿ ಪಡೆದರೆ ಹೋಗುತ್ತದಲ್ಲ ಎಂದು ಬಿಡದೆ ಅದೇ ವಾರ ವೈದ್ಯರಿಗೆ ತೋರಿಸಿ. ಅದೇ ನೋವು ಮೊದಲಿಗಿಂತ ಕಡಿಮೆ ಶ್ರಮಕ್ಕೆ ಅಥವಾ ಸುಮ್ಮನೆ ಕೂತಾಗಲೂ ಬರತೊಡಗಿದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಆ ಹೊತ್ತಿನಲ್ಲಿ ಏನು ಮಾಡಬೇಕು?

ಮೊದಲನೆಯದು, ನಡೆದಾಡುವುದನ್ನು ನಿಲ್ಲಿಸಿ ಕುಳಿತುಕೊಳ್ಳಿ. ವಾಹನ ಓಡಿಸುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ.

ಎರಡನೆಯದು, 108ಕ್ಕೆ ಕರೆ ಮಾಡಿ. ಇದು ಉಚಿತ ಸೇವೆ. ಸ್ಪೀಕರ್‌ನಲ್ಲಿಟ್ಟು ಊರು, ರಸ್ತೆ, ಗುರುತಿಗೆ ದೇವಸ್ಥಾನ ಅಥವಾ ಶಾಲೆಯ ಹೆಸರು ಹೇಳಿ. ಪಕ್ಕದ ಮನೆಯವರನ್ನೂ ಕರೆಯಿರಿ, ಬಾಗಿಲಿನ ಚಿಲಕ ತೆಗೆದಿಡಿ. ಆಂಬುಲೆನ್ಸ್ ತಡವಾಗುವ ಊರಾದರೆ ಬೇರೆಯವರು ಓಡಿಸುವ ವಾಹನದಲ್ಲಿ ಹೊರಡಿ. ನೀವೇ ಓಡಿಸಬೇಡಿ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದೂ ಅಪಾಯ, ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಹಿಡಿಯಲಾಗದು.

ಮೂರನೆಯದು, ಆಸ್ಪಿರಿನ್. ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿದರೆ ಹೆಪ್ಪು ಬೆಳೆಯುವುದು ನಿಧಾನವಾಗುತ್ತದೆ. ಇದು ಅಧ್ಯಯನಗಳಿಂದ ದೃಢಪಟ್ಟ ವಿಷಯ. ಆದರೆ ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ಹುಣ್ಣು ಅಥವಾ ರಕ್ತಸ್ರಾವದ ತೊಂದರೆ ಇರುವವರು, ಪಾರ್ಶ್ವವಾಯುವಿನ ಲಕ್ಷಣಗಳಿರುವವರು ತೆಗೆದುಕೊಳ್ಳಬಾರದು. ಫೋನಿನಲ್ಲಿ ಸಿಗುವ ವೈದ್ಯಕೀಯ ಸಿಬ್ಬಂದಿಯನ್ನು ಕೇಳಿ ಕೊಡುವುದು ಉತ್ತಮ. ಮನೆಯಲ್ಲಿ ಮಾತ್ರೆ ಇಲ್ಲದಿದ್ದರೆ ಮೆಡಿಕಲ್ ಅಂಗಡಿ ಹುಡುಕುತ್ತಾ ವೇಳೆ ಕಳೆಯಬೇಡಿ.

ನಾಲಿಗೆಯ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು "ಎಲ್ಲರೂ ಪರ್ಸಿನಲ್ಲಿ ಇಟ್ಟುಕೊಳ್ಳಿ" ಎನ್ನುವ ಸಂದೇಶವೂ ಇದೆ. ಅದನ್ನು ನಿಮ್ಮ ವೈದ್ಯರು ನಿಮಗೇ ಬರೆದುಕೊಟ್ಟಿದ್ದರೆ ಮಾತ್ರ ಬಳಸಿ. ಅದು ರಕ್ತದೊತ್ತಡ ಇಳಿಸುತ್ತದೆ. ಈಗಾಗಲೇ ಬಿಪಿ ಕುಸಿದಿರುವವರಿಗೆ ಅಥವಾ ಲೈಂಗಿಕ ಸಾಮರ್ಥ್ಯದ ಮಾತ್ರೆ ತೆಗೆದುಕೊಂಡಿರುವವರಿಗೆ ಅದು ಅಪಾಯ ತರಬಹುದು.

ವ್ಯಕ್ತಿ ಪ್ರಜ್ಞೆ ತಪ್ಪಿ ಬಿದ್ದು, ಕರೆದರೂ ಓಗೊಡದೆ, ಉಸಿರಾಡುತ್ತಿಲ್ಲ ಅಥವಾ ಬಿಟ್ಟು ಬಿಟ್ಟು ಏದುತ್ತಿದ್ದಾರೆ ಎಂದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಬಾಯಿಗೆ ನೀರು ಹಾಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುಭಾಗದಲ್ಲಿ ಒಂದು ಅಂಗೈ, ಅದರ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಬಾಗಿಸದೆ ಜೋರಾಗಿ ಒತ್ತಿ. ವಯಸ್ಕರಲ್ಲಿ ಎದೆ 5ರಿಂದ 6 ಸೆಂಟಿಮೀಟರ್ ಕೆಳಗೆ ಹೋಗಬೇಕು, ನಿಮಿಷಕ್ಕೆ 100ರಿಂದ 120 ಬಾರಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ, ಸುಸ್ತಾದರೆ ಇನ್ನೊಬ್ಬರು ಮುಂದುವರಿಸಲಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಬರೀ ಒತ್ತುವುದೂ ಜೀವ ಉಳಿಸಬಹುದು. ಸಿಪಿಆರ್ ಎಂದರೆ ಇದು.

ದೊಡ್ಡ ಆಸ್ಪತ್ರೆಗೇ ಹೋಗಬೇಕೇ?

ಹೃದಯ ಎಂದ ಕೂಡಲೇ ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಹೊರಡುವುದು ವಾಡಿಕೆ. ಇಲ್ಲಿ ಒಂದು ಲೆಕ್ಕಾಚಾರ ತಿಳಿದಿರಲಿ. ಪೂರ್ತಿ ಮುಚ್ಚಿದ ನಾಳವನ್ನು ತೆರೆಯಲು ಎರಡು ದಾರಿಗಳಿವೆ. ಒಂದು, ಕ್ಯಾತ್‌ಲ್ಯಾಬ್ ಇರುವ ಆಸ್ಪತ್ರೆಯಲ್ಲಿ ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟ್ ಹಾಕುವುದು. ಇನ್ನೊಂದು, ಹೆಪ್ಪು ಕರಗಿಸುವ ಇಂಜೆಕ್ಷನ್. ಸುಮಾರು 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಅದೇ ಉತ್ತಮ. ಆಗದಿದ್ದರೆ ಮೊದಲು ಇಂಜೆಕ್ಷನ್ ಕೊಟ್ಟು ಆಮೇಲೆ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು ಎಂಬುದು ವೈದ್ಯಕೀಯ ಮಾರ್ಗಸೂಚಿ. ಲಕ್ಷಣ ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ ಈ ಇಂಜೆಕ್ಷನ್ನಿನ ಫಲ ಹೆಚ್ಚು. ತಡವಾದಷ್ಟೂ ಅದು ಕಡಿಮೆಯಾಗುತ್ತದೆ.

ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಡೆಯುವುದು ಇದೇ ಲೆಕ್ಕದ ಮೇಲೆ. ಯೋಜನೆಯಲ್ಲಿರುವ ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅದನ್ನು ಜಯದೇವದಂಥ ಕೇಂದ್ರದ ತಜ್ಞರಿಗೆ ಕಳುಹಿಸಿ, ಅವರ ಸಲಹೆಯಂತೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡಲಾಗುತ್ತದೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ನೋವು ಬಂದ ರಾತ್ರಿ ವಿಚಾರಿಸುತ್ತಾ ಕೂರಲು ಆಗುವುದಿಲ್ಲ.

"ಮೊನ್ನೆ ತಾನೇ ಇಸಿಜಿ ನಾರ್ಮಲ್ ಬಂದಿತ್ತು"

ಹಠಾತ್ ಸಾವಿನ ಸುದ್ದಿಯ ಜೊತೆ ಈ ಮಾತೂ ಬರುತ್ತದೆ, ವೈದ್ಯರ ಮೇಲೆ ಸಿಟ್ಟೂ ಬರುತ್ತದೆ. ಇಸಿಜಿ ಹೇಳುವುದು ಆ ಕ್ಷಣದ ಹೃದಯದ ವಿದ್ಯುತ್ ಸ್ಥಿತಿಯನ್ನು. ನಾಳದಲ್ಲಿ ಎಷ್ಟು ಕೊಬ್ಬಿದೆ, ಅದು ಯಾವಾಗ ಬಿರಿಯುತ್ತದೆ ಎಂದು ಅದು ಹೇಳಲಾರದು. ನಾಳವನ್ನು ಅರ್ಧದಷ್ಟೂ ಮುಚ್ಚದ ಸಣ್ಣ ಪದರವೂ ಬಿರುಕು ಬಿಟ್ಟು ಹೆಪ್ಪುಗಟ್ಟಿಸಬಹುದು. ಹೃದಯಾಘಾತದ ಆರಂಭದಲ್ಲೂ ಇಸಿಜಿ ಸರಿಯಾಗಿಯೇ ಕಾಣಬಹುದು. ಅದಕ್ಕೇ ವೈದ್ಯರು ಮತ್ತೆ ಮತ್ತೆ ಇಸಿಜಿ ತೆಗೆಯುತ್ತಾರೆ, ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯನ್ನು ಕೆಲವು ಗಂಟೆ ಬಿಟ್ಟು ಎರಡನೇ ಸಲ ಮಾಡಿಸುತ್ತಾರೆ. "ಮೊದಲ ಇಸಿಜಿ ಸರಿ ಇದೆ, ಮನೆಗೆ ಹೋಗೋಣ" ಎಂದು ಅವಸರ ಮಾಡಬೇಡಿ.

ಯುವಜನರ ಸಾವು, ಹಾಸನದ ಸುದ್ದಿ ಮತ್ತು ಲಸಿಕೆ

2021ರ ಅಕ್ಟೋಬರ್ 29ರಂದು 46ರ ವಯಸ್ಸಿನ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ "ಜಿಮ್‌ನಿಂದಲೇ ಹೀಗಾಯಿತು" ಎಂಬ ಸಂದೇಶಗಳು ಬಂದವು. 2025ರ ಮೇ ಮತ್ತು ಜೂನ್‌ನಲ್ಲಿ ಹಾಸನ ಜಿಲ್ಲೆಯ ಸರಣಿ ಸಾವುಗಳ ಸುದ್ದಿ ಬಂದಾಗ ಕೋವಿಡ್ ಲಸಿಕೆಯೇ ಕಾರಣ ಎಂಬ ಸಂದೇಶಗಳು ಹರಿದಾಡಿದವು. ಹೆದರಿದ ಜನ ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನಿಂದಲೇ ಸಾಲು ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಈ ಸಾವುಗಳನ್ನು ಪರಿಶೀಲಿಸಿತು. ಹೃದಯಾಘಾತವೆಂದು ಸುದ್ದಿಯಾಗಿದ್ದ ಎಲ್ಲವೂ ಹೃದಯಕ್ಕೆ ಸಂಬಂಧಿಸಿದವಾಗಿರಲಿಲ್ಲ, ಲಸಿಕೆಯ ಜೊತೆ ನಂಟೂ ಕಂಡುಬರಲಿಲ್ಲ.

ಅದಕ್ಕೂ ಮೊದಲು ಐಸಿಎಂಆರ್ 18ರಿಂದ 45 ವರ್ಷದವರ ಹಠಾತ್ ಸಾವುಗಳ ಬಗ್ಗೆ ದೇಶದ 47 ಆಸ್ಪತ್ರೆಗಳಲ್ಲಿ ಅಧ್ಯಯನ ನಡೆಸಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಅದರಲ್ಲಿ ಕಾಣಲಿಲ್ಲ. ಹಠಾತ್ ಸಾವಿನ ಜೊತೆ ನಂಟು ಕಂಡುಬಂದದ್ದು ಕುಟುಂಬದಲ್ಲಿ ಹಿಂದೆ ಇಂಥ ಸಾವು ನಡೆದಿರುವುದು, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಸಾವಿಗೆ ಮುನ್ನ 48 ಗಂಟೆಗಳಲ್ಲಿ ಮಿತಿಮೀರಿ ಕುಡಿದದ್ದು ಅಥವಾ ಅತಿಯಾದ ದೈಹಿಕ ಶ್ರಮ ಮಾಡಿದ್ದು, ಮಾದಕ ವಸ್ತು ಸೇವನೆ ಇಂಥವಕ್ಕೆ.

ಹಾಗೆಂದು ವ್ಯಾಯಾಮ ಬಿಡಬೇಕಿಲ್ಲ. ನಿಯಮಿತ ವ್ಯಾಯಾಮ ಹೃದಯವನ್ನು ಕಾಯುತ್ತದೆ. ಆದರೆ ವರ್ಷಗಟ್ಟಲೆ ಮೈ ಬಗ್ಗಿಸದವರು ಒಂದೇ ದಿನ ಭಾರ ಎತ್ತಲು ಹೋಗಬಾರದು. ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯ ಸಾವು ಕಂಡವರು ಮೊದಲು ತಪಾಸಣೆ ಮಾಡಿಸಿಕೊಳ್ಳಬೇಕು.

ಬ್ಲಾಕೇಜ್ ಕರಗಿಸುವ ಕಷಾಯ ಇದೆಯೇ?

ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಆಪಲ್ ವಿನೆಗರ್ ಕುದಿಸಿ ಜೇನು ಬೆರೆಸಿ ಕುಡಿದರೆ ಬ್ಲಾಕೇಜ್ ತೆರೆದುಕೊಳ್ಳುತ್ತದೆ, ಆಪರೇಷನ್ ಬೇಡ ಎನ್ನುತ್ತದೆ ಇನ್ನೊಂದು ಸಂದೇಶ. ಬೆಳ್ಳುಳ್ಳಿ, ಶುಂಠಿ ಅಡುಗೆಗೆ ಒಳ್ಳೆಯವೇ. ಆದರೆ ನಾವು ಕುಡಿದದ್ದು ಹೋಗುವುದು ಹೊಟ್ಟೆಗೆ. ಪೈಪಿನೊಳಗಿನ ಕಸ ತೊಳೆದಂತೆ ಅದು ರಕ್ತನಾಳವನ್ನು ತೊಳೆಯುವುದಿಲ್ಲ. ನಾಳದ ಕೊಬ್ಬು ಒಳಮೈಗೆ ಅಂಟಿಕೊಂಡ ಜಿಡ್ಡಲ್ಲ, ಗೋಡೆಯೊಳಗೇ ಬೆಳೆದದ್ದು. ಈ ಕಷಾಯವನ್ನು ನಂಬಿ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟುವ ಅಪಾಯವಿದೆ.

ಹಾಗಾದರೆ ಹೃದಯ ಕಾಯುವುದು ಯಾವುದು?

2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಅಧ್ಯಯನ 52 ದೇಶಗಳ ಜನರನ್ನು ನೋಡಿತು. ಮೊದಲ ಹೃದಯಾಘಾತದ ಅಪಾಯದ ಸುಮಾರು 90 ಶೇಕಡಾ ಭಾಗವನ್ನು ಒಂಬತ್ತು ಅಂಶಗಳೇ ವಿವರಿಸುತ್ತವೆ ಎಂದು ಅದು ಕಂಡುಕೊಂಡಿತು: ತಂಬಾಕು, ಕೊಲೆಸ್ಟ್ರಾಲ್ ಏರುಪೇರು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿ ಕಡಿಮೆ ತಿನ್ನುವುದು, ವ್ಯಾಯಾಮದ ಕೊರತೆ ಮತ್ತು ಮದ್ಯದ ಅಭ್ಯಾಸ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಆಗುತ್ತದೆ ಎಂಬುದೂ ಅದರಲ್ಲಿ ಗೊತ್ತಾಯಿತು. ನಮ್ಮ ಜನ ಈ ಪಟ್ಟಿಯನ್ನು ಮೂವತ್ತರಿಂದಲೇ ಗಮನಿಸಬೇಕು.

• ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಮೂರನ್ನೂ 30 ದಾಟಿದ ಮೇಲೆ ಪರೀಕ್ಷಿಸಿಕೊಳ್ಳುತ್ತಿರಿ. ಬಿಪಿಗೆ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ, ಅಳೆದರಷ್ಟೇ ಗೊತ್ತಾಗುತ್ತದೆ. ಮಾತ್ರೆಯಿಂದ ನಾರ್ಮಲ್‌ಗೆ ಬಂದಿತೆಂದು ಮಾತ್ರೆ ನಿಲ್ಲಿಸಬೇಡಿ.
• ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಬಿಡಿ. ಧೂಮಪಾನ ಬಿಟ್ಟ ಒಂದು ವರ್ಷಕ್ಕೆ ಹೃದಯ ಕಾಯಿಲೆಯ ಹೆಚ್ಚುವರಿ ಅಪಾಯ ಅರ್ಧದಷ್ಟು ಇಳಿಯುತ್ತದೆ.
• ದಿನದ ಉಪ್ಪು 5 ಗ್ರಾಂ ಒಳಗಿರಲಿ, ಅಂದರೆ ಒಂದು ಟೀ ಚಮಚೆಗಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಿಪ್ಸ್‌ನಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.
• ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ. ಐದು ದಿನ, ಅರ್ಧ ಗಂಟೆ.
• ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟದಿರಲಿ.
• ತಟ್ಟೆಯಲ್ಲಿ ಅನ್ನ ಅಥವಾ ಮುದ್ದೆ ಸ್ವಲ್ಪ ಕಡಿಮೆಯಾಗಿ ಸೊಪ್ಪು, ಕಾಳು, ತರಕಾರಿ ಹೆಚ್ಚಾಗಲಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಕೊನೆಯದಾಗಿ

ಕೆಮ್ಮಿನ ಸಂದೇಶ ಇಷ್ಟು ವರ್ಷ ಬಾಳಿರುವುದಕ್ಕೆ ಕಾರಣವಿದೆ. ಒಬ್ಬರೇ ಇದ್ದಾಗ ಏನಾದರೂ ಆದರೆ ಎಂಬ ಭಯ ಎಲ್ಲರಿಗೂ ಇದೆ. ಆ ಭಯಕ್ಕೆ ಖರ್ಚಿಲ್ಲದ, ಯಾರ ಹಂಗೂ ಇಲ್ಲದ ಪರಿಹಾರವನ್ನು ಅದು ಕೊಟ್ಟಂತೆ ತೋರುತ್ತದೆ. ಹಾಗಾಗಿ ಮುಂದಿನ ಸಲ ಅದು ಗ್ರೂಪಿಗೆ ಬಂದಾಗ ಕಳುಹಿಸಿದ ಹಿರಿಯರನ್ನು ಗೇಲಿ ಮಾಡಬೇಡಿ. ಅದರ ಕೆಳಗೆ ಇಷ್ಟನ್ನು ಹಾಕಿ:

"ಎದೆ ಭಾರ, ತಣ್ಣನೆ ಬೆವರು, ಉಸಿರುಗಟ್ಟುವಿಕೆ ಕೆಲವು ನಿಮಿಷ ಇದ್ದರೆ ಗ್ಯಾಸ್ ಎಂದು ಕಾಯಬೇಡಿ. ಕುಳಿತುಕೊಳ್ಳಿ, 108ಕ್ಕೆ ಕರೆ ಮಾಡಿ, ನೀವೇ ವಾಹನ ಓಡಿಸಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ. ಯಾರಾದರೂ ಕುಸಿದು ಬಿದ್ದು ಉಸಿರಾಡದಿದ್ದರೆ ಎದೆಯ ನಡುವೆ ಜೋರಾಗಿ, ವೇಗವಾಗಿ ಒತ್ತುತ್ತಿರಿ. ಕೆಮ್ಮಿದರೆ ಹೃದಯಾಘಾತ ನಿಲ್ಲುವುದಿಲ್ಲ."

ಹತ್ತು ಜನರಿಗೆ ಕಳುಹಿಸಬೇಕೆಂಬ ಷರತ್ತು ಇದಕ್ಕಿಲ್ಲ. ಮನೆಯವರಿಗೆ ಒಮ್ಮೆ ಓದಿ ಹೇಳಿದರೂ ಸಾಕು.